ಟಿಪ್ಪುವಿನ ಬಳಿ ಆವಿಯಂತ್ರ ಇದ್ದಿದ್ದರೆ?

ಪ್ರಶ್ನೆ: ನಾನು ಮುಂಬೈ ಬಳಿಯ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗ. ಇತಿಹಾಸ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂಬ ಕಲ್ಪನೆಯ ಮೇಲೆ ಒಂದು ನೀಳ್ಗತೆ ಬರೆಯುತ್ತಿದ್ದೇನೆ. ಅದರಲ್ಲಿ 1788ರಲ್ಲಿ ಫ್ರಾನ್ಸಿಗೆ ಹೋದ ಟಿಪ್ಪು ಸುಲ್ತಾನನ ರಾಯಭಾರಿಗಳು ಹಿಂದಿರುಗುವಾಗ ಒಂದು ಆವಿಯಂತ್ರವನ್ನು ಹಡಗಿನಲ್ಲಿ ತರುತ್ತಾರೆ. ಹತ್ತು ವರ್ಷಗಳಲ್ಲಿ ಶ್ರೀರಂಗಪಟ್ಟಣ ಕಾರ್ಖಾನೆಗಳ ಊರಾಗುತ್ತದೆ, 1799ರ ಮುತ್ತಿಗೆ ವಿಫಲವಾಗುತ್ತದೆ, 1810ರ ಹೊತ್ತಿಗೆ ಮೈಸೂರಿನ ರೈಲು ಮಂಗಳೂರು ತಲುಪುತ್ತದೆ. ಇದು ನಂಬುವಂಥದ್ದೇ? ಅಲ್ಲವಾದರೆ ಏನನ್ನು ಬದಲಿಸಬೇಕು?

ಉತ್ತರ: ನೀವು ಬರೆದಿರುವ ರೂಪದಲ್ಲಿ ಇದು ನಂಬುವಂಥದ್ದಲ್ಲ. ಆದರೆ ಕತೆಯನ್ನು ಕೈಬಿಡಬೇಡಿ. ನೀವು ತಿರುವನ್ನು ಪ್ಯಾರಿಸ್ಸಿನಲ್ಲಿ ಹುಡುಕುತ್ತಿದ್ದೀರಿ, ನನ್ನ ಎಣಿಕೆಯಲ್ಲಿ ಅದು ಶ್ರೀರಂಗಪಟ್ಟಣದಲ್ಲಿಯೇ, ತೋಪು, ಅಂದರೆ ಫಿರಂಗಿ, ಕೊರೆಯುವ ಒಂದು ಕೊಟ್ಟಿಗೆಯಲ್ಲಿ ಇದೆ. ನಾನು ಪುಣೆಯ ಯಂತ್ರಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಿಲಿಂಡರ್ ಕೊರೆಯುವ ಕೆಲಸದ ಹೊಣೆ ಹೊತ್ತವನು, ನಿವೃತ್ತಿಯ ನಂತರದ ಓದೆಲ್ಲ ತಂತ್ರಜ್ಞಾನದ ಇತಿಹಾಸದ್ದೇ. ಆದ್ದರಿಂದ ಅರಮನೆಯ ಕಡೆಯಿಂದ ನೋಡದೆ ಕುಲುಮೆ ಮತ್ತು ಲೇತಿನ ಕಡೆಯಿಂದ ಉತ್ತರಿಸುತ್ತೇನೆ. ಟಿಪ್ಪುವಿನ ಆಡಳಿತ, ಧರ್ಮನೀತಿ ಮತ್ತು ದಂಡಯಾತ್ರೆಗಳ ಬಗ್ಗೆ ಇರುವ ತೀವ್ರ ಭಿನ್ನಾಭಿಪ್ರಾಯಗಳು ನಿಮ್ಮ ಪ್ರಶ್ನೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅವುಗಳನ್ನು ಇಲ್ಲಿ ಎತ್ತುವುದಿಲ್ಲ.

ಮೊದಲು ನಿಮ್ಮ ಪರವಾಗಿ ಇರುವ ಸಂಗತಿಗಳನ್ನು ಹೇಳಬೇಕು. ಮೂವರು ರಾಯಭಾರಿಗಳು 1788ರ ಜೂನ್‌ನಲ್ಲಿ ತೂಲೋ ಬಂದರಿಗೆ ಬಂದಿಳಿದು, ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಸೈನ್ಯದ ನೆರವಿನ ಜೊತೆಗೆ ಅವರು ಕೇಳಿದ್ದು ಕುಶಲಕರ್ಮಿಗಳನ್ನು: ತೋಪು ಎರಕ ಹೊಯ್ಯುವವರು, ಗಡಿಯಾರ ಮಾಡುವವರು, ಗಾಜು ಮತ್ತು ಪಿಂಗಾಣಿ ಕೆಲಸದವರು, ನೇಕಾರರು, ವೈದ್ಯರು. ದೊರೆಯೊಬ್ಬ ರಾಯಭಾರದ ಮೂಲಕ ಇಂಥವರನ್ನು ಹೀಗೆ ಪಟ್ಟಿ ಮಾಡಿ ಬೇಡುವುದು ಆ ಕಾಲದ ಹಿಂದೂಸ್ತಾನದಲ್ಲಿ ಅಪರೂಪ. ಅವರು ಪ್ಯಾರಿಸ್ಸಿನಲ್ಲಿದ್ದ ದಿನಗಳಲ್ಲೇ ಸೇನ್ ನದಿಯ ದಡದ ಶಾಯೋ ಎಂಬಲ್ಲಿ ಪೆರಿಯೆ ಸಹೋದರರು ಸ್ಥಾಪಿಸಿದ್ದ ಆವಿಯಂತ್ರವು ನಗರಕ್ಕೆ ನೀರೆತ್ತುತ್ತಿತ್ತು. ಹಾಗಾಗಿ ನಿಮ್ಮ ಪಾತ್ರಗಳು ಅದನ್ನು ನೋಡಲು ಹೋಗುವ ದೃಶ್ಯವನ್ನು ಧಾರಾಳವಾಗಿ ಬರೆಯಬಹುದು.

ತೊಡಕು ಶುರುವಾಗುವುದು ಅದರ ಮುಂದೆ. ಶಾಯೋದ ಯಂತ್ರವೇ ಮೂಲತಃ ಫ್ರಾನ್ಸಿನದಲ್ಲ, ಇಂಗ್ಲೆಂಡಿನ ಬೋಲ್ಟನ್ ಮತ್ತು ವಾಟ್ ಜೋಡಿಯಿಂದ ಬಂದದ್ದು. ಯಂತ್ರೋಪಕರಣಗಳನ್ನು ಹೊರದೇಶಕ್ಕೆ ಸಾಗಿಸುವುದನ್ನೂ ನುರಿತ ಕೆಲಸಗಾರರು ದೇಶ ಬಿಟ್ಟು ಹೋಗುವುದನ್ನೂ ಇಂಗ್ಲೆಂಡ್ ಕಾನೂನಿನಿಂದ ತಡೆಯುತ್ತಿತ್ತು. ಕೆಲಸಗಾರರ ಮೇಲಿನ ನಿರ್ಬಂಧ 1824ರವರೆಗೆ, ಯಂತ್ರಗಳ ಮೇಲಿನ ನಿರ್ಬಂಧ 1843ರವರೆಗೆ ಉಳಿಯಿತು. ಅಷ್ಟಾಗಿಯೂ ಒಂದು ಯಂತ್ರ ಮಂಗಳೂರಿನಲ್ಲಿ ಇಳಿಯಿತು ಎಂದೇ ಇಟ್ಟುಕೊಳ್ಳೋಣ. ಒಂದು ಯಂತ್ರ ಬಂದರೆ ಒಂದು ಯಂತ್ರ ಇದ್ದಂತಾಯಿತೇ ಹೊರತು ಯಂತ್ರ ಮಾಡುವ ವಿದ್ಯೆ ಬಂದಂತಾಗಲಿಲ್ಲ. ಪಿಸ್ಟನ್ನಿನ ಸುತ್ತ ಸುತ್ತಿದ ಸೆಣಬು ಸವೆದು, ಕವಾಟ ಸೋರಿ, ಎರಡನೆಯ ಮಳೆಗಾಲದ ಹೊತ್ತಿಗೆ ಅದು ನಿಂತುಹೋದರೆ ಬದಲಿ ಭಾಗವನ್ನು ಎರಕ ಹೊಯ್ದು ಕೊರೆದು ಕೊಡುವವರು ಯಾರು? ನಿಮ್ಮ ಕತೆ ಉತ್ತರಿಸಬೇಕಾದ ಮೊದಲ ಪ್ರಶ್ನೆ ಇದು.

ಈ ಪ್ರಶ್ನೆಯಲ್ಲಿಯೇ ಆವಿಯಂತ್ರದ ನಿಜವಾದ ಚರಿತ್ರೆ ಅಡಗಿದೆ. ಜೇಮ್ಸ್ ವಾಟ್ ಪ್ರತ್ಯೇಕ ಕಂಡೆನ್ಸರ್‌ನ, ಅಂದರೆ ಆವಿಯನ್ನು ಸಿಲಿಂಡರಿನ ಹೊರಗೆ ತಣಿಸುವ ಪಾತ್ರೆಯ, ಪೇಟೆಂಟ್ ಪಡೆದದ್ದು 1769ರಲ್ಲಿ. ಆರು ವರ್ಷ ಅದು ಹೆಚ್ಚುಕಡಿಮೆ ಕಾಗದದ ಮೇಲೆಯೇ ಉಳಿಯಿತು, ಯಾಕೆಂದರೆ ದುಂಡಗಿನ, ಒಂದೇ ಅಳತೆಯ ದೊಡ್ಡ ಸಿಲಿಂಡರನ್ನು ಯಾರಿಂದಲೂ ಕೊರೆಯಲಾಗಲಿಲ್ಲ. ಸಿಲಿಂಡರಿಗೂ ಪಿಸ್ಟನ್ನಿಗೂ ನಡುವೆ ಆವಿ ನುಸುಳಿಹೋಗುತ್ತಿತ್ತು. ಅದನ್ನು ಬಗೆಹರಿಸಿದವನು ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಕಾರ್ಖಾನೆಯ ಯಜಮಾನ. ಅವನು ಮೊದಲು, 1774ರಲ್ಲಿ, ಗಟ್ಟಿಯಾಗಿ ಎರಕ ಹೊಯ್ದ ತೋಪನ್ನು ನೇರವಾಗಿ ಕೊರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಮರುವರ್ಷ ಅದೇ ಅನುಭವದಿಂದ, ಕೊರೆಯುವ ದಂಡವನ್ನು ಎರಡೂ ತುದಿಗಳಲ್ಲಿ ಆಧರಿಸಿ ನಿಲ್ಲಿಸಿ, ವಾಟ್‌ಗೆ ಬೇಕಾದ ಸಿಲಿಂಡರ್ ಕೊರೆದುಕೊಟ್ಟ. ಐವತ್ತು ಇಂಚು ಅಗಲದ ಸಿಲಿಂಡರಿನಲ್ಲಿ ತಪ್ಪು ಒಂದು ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪವನ್ನೂ ಮೀರಲಿಲ್ಲ ಎಂಬುದನ್ನು ಆ ಕಾಲದವರು ಬೆರಗಿನಿಂದ ದಾಖಲಿಸಿದರು. ವಿಲ್ಕಿನ್ಸನ್ನನ ಕೊರೆಯುವ ಯಂತ್ರವನ್ನು ತಿರುಗಿಸುತ್ತಿದ್ದದ್ದು ನೀರುಚಕ್ರ. ಅಂದರೆ ಆವಿಯಂತ್ರದ ಹೆರಿಗೆಯಾದದ್ದು ತೋಪಿನ ಕೊಟ್ಟಿಗೆಯಲ್ಲಿ, ಸೂಲಗಿತ್ತಿಯಾಗಿ ನಿಂತದ್ದು ನೀರು.

ಈಗ ಶ್ರೀರಂಗಪಟ್ಟಣಕ್ಕೆ ಬನ್ನಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ವೈದ್ಯ ಮೈಸೂರು ಸೀಮೆಯನ್ನು ಸುತ್ತಿ, ಕಂಡದ್ದನ್ನೆಲ್ಲ ಬರೆದಿಟ್ಟ. ಸುಲ್ತಾನನು ಬನಾತು ಎಂಬ ಉಣ್ಣೆಬಟ್ಟೆ, ಯೂರೋಪಿನ ಮಾದರಿಯಲ್ಲಿ ತಂತಿಯ ಜಾಲರಿಯ ಮೇಲೆ ತೆಗೆದ ಕಾಗದ, ಗಡಿಯಾರ, ಚಾಕು ಕತ್ತರಿಗಳನ್ನು ಮಾಡಿಸಲು ಯತ್ನಿಸಿದ್ದನೆಂದೂ, ಆ ವಿಧಾನಗಳನ್ನು ಗುಟ್ಟಾಗಿ ಇಡಲಾಗಿತ್ತೆಂದೂ ಅವನು ಹೇಳುತ್ತಾನೆ. ಅದರ ಜೊತೆಗೇ ಇನ್ನೊಂದು ಮಾತು ಬರುತ್ತದೆ. ಒಬ್ಬ ಫ್ರೆಂಚ್ ಕುಶಲಕರ್ಮಿ ತೋಪು ಕೊರೆಯಲು ನೀರಿನಿಂದ ನಡೆಯುವ ಯಂತ್ರವನ್ನು ಸಿದ್ಧಪಡಿಸಿದ್ದನಂತೆ. ಸುಲ್ತಾನನು ಅದರ ಬೆಲೆ ತಿಳಿಯದೆ ನೀರುಚಕ್ರವನ್ನು ತೆಗೆಸಿ ಎತ್ತು ಹೂಡಿಸಿದನಂತೆ. ಬುಕಾನನ್ ಕಂಪನಿಯ ಸಂಬಳದವನು, ಸೋತ ದೊರೆಯನ್ನು ಸಣ್ಣವನನ್ನಾಗಿ ತೋರಿಸುವುದು ಅವನಿಗೆ ಸಹಜವಾಗಿತ್ತು. ಆದ್ದರಿಂದ ಬೆಲೆ ತಿಳಿಯದೆ ಎಂಬ ತೀರ್ಪನ್ನು ನಾನು ಒಪ್ಪಬೇಕಿಲ್ಲ. ಆದರೆ ನೀರುಚಕ್ರ ಇತ್ತು, ಅದನ್ನು ಬಿಚ್ಚಿ ಎತ್ತು ಕಟ್ಟಲಾಯಿತು ಎಂಬ ಸಂಗತಿ ಮೊದಲ ಸಲ ಓದಿದಾಗ ನನ್ನ ಎದೆ ಹಿಂಡಿತು. ವಿಲ್ಕಿನ್ಸನ್ ನಿಂತಿದ್ದ ಮೆಟ್ಟಿಲಿನ ಹತ್ತಿರಕ್ಕೆ ಬಂದು ಮೈಸೂರು ಹಿಂದೆ ಹೆಜ್ಜೆ ಇಟ್ಟಿತ್ತು.

ಎತ್ತಿಗೂ ನೀರಿಗೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ತಿರುಗುವುದು ತಿರುಗುವುದೇ ತಾನೆ? ನಾನು ಕೆಲಸಕ್ಕೆ ಸೇರಿದ ವರ್ಷ ನಮ್ಮ ಮೇಸ್ತ್ರಿ ನನ್ನನ್ನು ಕೊರೆದು ಮುಗಿದ ಒಂದು ಸಿಲಿಂಡರಿನ ಮುಂದೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಒಳಗೋಡೆಯ ಮೇಲೆ ಉಗುರು ಎಳೆಯಲು ಹೇಳಿದರು. ಕಣ್ಣಿಗೆ ಕನ್ನಡಿಯಂತಿದ್ದ ಗೋಡೆ ಉಗುರಿಗೆ ಬಾಚಣಿಗೆಯಂತೆ ತರತರವಾಗಿ ಸಿಕ್ಕಿತು. ಯಂತ್ರದ ಬೆಲ್ಟ್ ಸಡಿಲವಾಗಿ ವೇಗ ಏರಿಳಿದಾಗಲೆಲ್ಲ ಉಳಿ ನಡುಗಿ ಬಿಟ್ಟುಹೋದ ಗುರುತು ಅದು. ಗಾಣದ ಎತ್ತನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಎತ್ತು ಹೆಜ್ಜೆ ಹೆಜ್ಜೆಗೂ ಎಳೆತ ಬದಲಿಸುತ್ತದೆ, ನೊಣ ಕೂತರೆ ತಲೆ ಕೊಡವುತ್ತದೆ, ತಿರುವಿನಲ್ಲಿ ನಿಧಾನಿಸುತ್ತದೆ, ಬಾರುಕೋಲು ಬಿದ್ದಾಗ ಮುನ್ನುಗ್ಗುತ್ತದೆ. ಎಣ್ಣೆ ತೆಗೆಯುವುದಕ್ಕೆ ಇದರಿಂದ ಬಾಧಕವಿಲ್ಲ. ತೋಪಿನ ಕೊಳವೆಗೂ ಅಷ್ಟಾಗಿ ಬಾಧಕವಿಲ್ಲ, ಗುಂಡು ಹೇಗೂ ಕೊಳವೆಗಿಂತ ಸ್ವಲ್ಪ ಸಣ್ಣದಾಗಿಯೇ ಇರುತ್ತದೆ. ಆವಿಯ ಸಿಲಿಂಡರಿಗೆ ಮಾತ್ರ ಅದು ಮರಣಶಾಸನ. ನೀರುಚಕ್ರದ ತೂಕವೇ ಅದರ ಗುಣ. ಒಮ್ಮೆ ತಿರುಗಲು ಹತ್ತಿದರೆ ಸಣ್ಣ ಅಡ್ಡಿಗಳನ್ನು ನುಂಗಿಕೊಂಡು ಒಂದೇ ಸಮನೆ ಸಾಗುತ್ತದೆ.

ಹಾಗೆಂದು ಎತ್ತು ಹೂಡಿಸಿದವನನ್ನು ಮೂಢ ಎನ್ನಲಾಗದು. ಅದೇ ಕಾಲದಲ್ಲಿ ಇಂಗ್ಲೆಂಡಿನ ಸರ್ಕಾರಿ ತೋಪಿನ ಕಾರ್ಖಾನೆಯಾದ ವುಲಿಚ್‌ನಲ್ಲಿ ಹಾಲೆಂಡಿನಿಂದ ಬಂದ ವೆರ್‌ಬ್ರುಗೆನ್ ತಂದೆ ಮಗ ಕುದುರೆಗಳನ್ನು ಕಟ್ಟಿಯೇ ಕೊರೆಯುತ್ತಿದ್ದರು. ಮೈಸೂರಿನ ಎತ್ತುಗಳೋ ಸಾಮಾನ್ಯವಲ್ಲ. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯನ್ನು ಟಿಪ್ಪು ಅಮೃತ ಮಹಲ್ ಎಂದು ಹೆಸರಿಸಿ, ಹುಲ್ಲುಗಾವಲುಗಳನ್ನೂ ಲೆಕ್ಕಪತ್ರಗಳನ್ನೂ ಬಿಗಿಗೊಳಿಸಿದ. ಸೈನ್ಯ ಮತ್ತು ತೋಪುಗಳನ್ನು ಶತ್ರು ಊಹಿಸದ ವೇಗದಲ್ಲಿ ಸಾಗಿಸಿದ್ದು ಆ ತಳಿಯೇ. ಕೈಗೆ ಸಿಗುವ, ಹುಲ್ಲು ತಿಂದು ಬದುಕುವ ಇಂಥ ಬಲ ಇರುವಾಗ, ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ನಿಂತುಹೋಗುವ ಚಕ್ರವನ್ನು ಯಾಕೆ ನಂಬಬೇಕು ಎಂದು ಕಾರ್ಖಾನೆಯ ಮೇಲ್ವಿಚಾರಕನಾದ ಒಬ್ಬ ದರೋಗ ಹೇಳಿದ್ದರೆ ಅದು ತರ್ಕಬದ್ಧವೇ. ಇಂಗ್ಲೆಂಡಿನಲ್ಲಿ ಕೂಲಿ ದುಬಾರಿ, ಕಲ್ಲಿದ್ದಲು ಅಗ್ಗ. ವಾಟ್‌ಗಿಂತ ಹಿಂದಿನ, ಗಣಿಯ ನೀರೆತ್ತುವ 1712ರ ನ್ಯೂಕೊಮೆನ್ ಆವಿಯಂತ್ರ ಕಲ್ಲಿದ್ದಲನ್ನು ರಾಕ್ಷಸನಂತೆ ತಿನ್ನುತ್ತಿದ್ದರೂ ಗಣಿಯ ಬಾಯಲ್ಲಿಯೇ ನಿಂತಿದ್ದರಿಂದ ಲಾಭ ಕೊಟ್ಟಿತು. ಮೈಸೂರಿನಲ್ಲಿ ಅದೇ ಲೆಕ್ಕ ತಲೆಕೆಳಗಾಗುತ್ತದೆ.

ಉರುವಲಿನ ಮಾತು ಬಂದಿತು, ಅದನ್ನು ಇಲ್ಲಿಯೇ ಮುಗಿಸುತ್ತೇನೆ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ತೆಲುಗು ನಾಡಿನ ಸಿಂಗರೇಣಿಯ ನಿಕ್ಷೇಪ ಗೊತ್ತಾದದ್ದೇ 1870ರ ದಶಕದಲ್ಲಿ. ಕಾಡಿನ ಇದ್ದಿಲನ್ನು ನಂಬಿ ಯೂರೋಪಿನ ಅಳತೆಯಲ್ಲಿ ಕಬ್ಬಿಣ ಕರಗಿಸಲು 1830ರ ಸುಮಾರಿಗೆ ಜೋಸಯ ಹೀತ್ ಎಂಬಾತ ತಮಿಳುನಾಡಿನ ಪೋರ್ಟೊನೊವೊದಲ್ಲಿ ಯತ್ನಿಸಿದ. ಕಂಪನಿಯ ಬೆಂಬಲವಿದ್ದೂ ಅದು ನಷ್ಟದಲ್ಲಿ ಮುಳುಗಿತು. ಬಾಯ್ಲರಿನ ಮಟ್ಟಿಗೆ ನಿಮಗೆ ತೊಂದರೆ ಇಲ್ಲ. ವಾಟ್‌ನ ಯಂತ್ರದಲ್ಲಿ ಆವಿಯ ಒತ್ತಡ ಹೊರಗಿನ ಗಾಳಿಗಿಂತ ತುಸುವೇ ಹೆಚ್ಚು. ಪುಣೆಯ ಕಸಬಾ ಪೇಟೆಯಲ್ಲಿ ತಾಮ್ರದ ಕೆಲಸದವರ ಓಣಿಯಾದ ತಾಂಬಟ ಆಳಿಗೆ ಹೋದರೆ ಈಗಲೂ ತಾಮ್ರದ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು, ಮೈತುಂಬ ಸಣ್ಣ ಹೊಳಪಿನ ಕುಳಿಗಳನ್ನು ಮೂಡಿಸುತ್ತ, ಸ್ನಾನದ ನೀರು ಕಾಯಿಸುವ ಬಂಬುಗಳನ್ನು ಮಾಡುವವರನ್ನು ನೋಡಬಹುದು. ಅಂಥ ಕೈಗಳು ಮೈಸೂರಿನಲ್ಲೂ ಇದ್ದವು, ವಾಟ್‌ನ ಬಾಯ್ಲರು ಅವರ ಅಳವಿಗೆ ಮೀರಿದ್ದಲ್ಲ. ಅಳವಿಗೆ ಮೀರಿದ್ದು ಟನ್ನುಗಟ್ಟಲೆ ತೂಗುವ ಎರಕದ ಕಬ್ಬಿಣ ಮತ್ತು ಅದರ ಒಳಮೈ.

ಆದರೆ ಮೈಸೂರಿನ ಬಳಿ ಇಂಗ್ಲೆಂಡಿಗೆ ಇಲ್ಲದ ಒಂದು ವಸ್ತು ಇತ್ತು. ಮೂಸೆಯಲ್ಲಿ ಕಬ್ಬಿಣದ ಜೊತೆ ಸೊಪ್ಪು ಸೌದೆಯ ಚೂರು ಹಾಕಿ, ಬಾಯಿ ಮುಚ್ಚಿ, ತಿದಿಯೊತ್ತಿ ಕರಗಿಸಿ ತೆಗೆಯುವ ಉಕ್ಕು. ಯೂರೋಪಿನವರು ಅದನ್ನು ವುಟ್ಜ್ ಎಂದು ಕರೆದರು, ಆ ಹೆಸರು ನಮ್ಮ ಉಕ್ಕು ಎಂಬ ಮಾತಿನಿಂದಲೇ ಹುಟ್ಟಿದ್ದೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಚನ್ನಪಟ್ಟಣದಲ್ಲಿ ಉಕ್ಕಿನಿಂದ ಎಳೆದ ತಂತಿ ವೀಣೆ ಮುಂತಾದ ವಾದ್ಯಗಳಿಗಾಗಿ ದೂರದ ಊರುಗಳಿಗೆ ಹೋಗುತ್ತಿದ್ದುದನ್ನು ಬುಕಾನನ್ನನೇ ಬರೆದಿದ್ದಾನೆ. ಇಲ್ಲಿ ನಿಮ್ಮ ಮುಂಬೈಯ ಪಾತ್ರ ಬರುತ್ತದೆ, ಕತೆಯಲ್ಲಿ ಇದನ್ನು ಖಂಡಿತ ಬಳಸಿಕೊಳ್ಳಿ. ಟಿಪ್ಪು ಇನ್ನೂ ಸಿಂಹಾಸನದಲ್ಲಿದ್ದಾಗಲೇ, 1790ರ ದಶಕದ ನಡುವೆ, ಬೊಂಬಾಯಿಯ ವೈದ್ಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದ. ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ 1795ರಲ್ಲಿ ಪ್ರಬಂಧ ಪ್ರಕಟಿಸಿದ. ಕಾಲು ಶತಮಾನದ ನಂತರ ಮೈಕೇಲ್ ಫ್ಯಾರಡೆ ಕೂಡ ಅದೇ ಉಕ್ಕಿನ ಬೆನ್ನು ಹತ್ತಿದ. ನಮ್ಮ ಕಮ್ಮಾರರು ತಲೆಮಾರುಗಳಿಂದ ಮಾಡುತ್ತಿದ್ದದ್ದನ್ನು ಅವರು ಅಚ್ಚು ಹಾಕಿಸಿ ಯಾರು ಬೇಕಾದರೂ ಓದಿ ತಿದ್ದಬಹುದಾದ ಹಾಗೆ ಹರಡಿದರು. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಅದೇ ವರ್ಷಗಳಲ್ಲಿ ಬಾಗಿಲು ಮುಚ್ಚಿ ಕಾಗದ ಮಾಡಲಾಗುತ್ತಿತ್ತು.

ನನಗೆ ಇದೇ ಮುಖ್ಯ ಎನಿಸುತ್ತದೆ. ಟಿಪ್ಪುವಿಗೆ ಯಂತ್ರದ ಆಸೆ ಇತ್ತು, ಕುತೂಹಲ ಇತ್ತು, ಹಣ ಸುರಿಯುವ ಮನಸ್ಸಿತ್ತು. ಬಂಗಾಳದಿಂದಲೂ ಮಸ್ಕತ್‌ನಿಂದಲೂ ರೇಷ್ಮೆ ಹುಳು ತರಿಸಲು ಅವನು ಪಟ್ಟ ಪಾಡು ಅವನ ಪತ್ರಗಳಲ್ಲಿದೆ. ಹಿಪ್ಪುನೇರಳೆ ರೈತರ ಹೊಲಕ್ಕೆ ಇಳಿಯಿತು, ಆದ್ದರಿಂದಲೇ ರಾಜ್ಯ ಹೋದರೂ ರೇಷ್ಮೆ ಮೈಸೂರಿನಲ್ಲಿ ಉಳಿಯಿತು. ಗಡಿಯಾರ ಮತ್ತು ಕತ್ತರಿ ಅರಮನೆಯ ಕಾರ್ಖಾನೆಯಲ್ಲಿದ್ದವು, 1799ರ ಮೇ 4ರಂದು ಅರಮನೆಯೊಂದಿಗೇ ಮುಗಿದವು. ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಿಸಬೇಕೆಂದು ಅವನು ನೆಡಿಸಿದ 1790ರ ದಶಕದ ಪರ್ಷಿಯನ್ ಭಾಷೆಯ ಶಾಸನದ ಕಲ್ಲು ಈಗ ಕೃಷ್ಣರಾಜ ಸಾಗರದ ಬಾಗಿಲಲ್ಲಿದೆ. ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿ ಎಂದು ಅದು ಎಲ್ಲರಿಗೂ ಸಾರುತ್ತದೆ. ರೈತನನ್ನು ಹುರಿದುಂಬಿಸಿ ತನ್ನ ಪಾಡಿಗೆ ಬಿಡಬೇಕು ಎಂಬುದು ಈ ದೊರೆಗೆ ಗೊತ್ತಿತ್ತು. ಕಮ್ಮಾರನ ವಿಷಯದಲ್ಲಿ ಅದೇ ಔದಾರ್ಯ ತೋರಿಸಿದ್ದರೆ, ಅಂದರೆ ಕೊರೆಯುವ ಯಂತ್ರವನ್ನು ನೋಡಿ ಕಲಿತು ತನ್ನ ಊರಿನಲ್ಲಿ ಅಂಥದ್ದೇ ನಿಲ್ಲಿಸುವವನಿಗೆ ಕಂದಾಯವಿಲ್ಲದ ಮಾನ್ಯದ ಭೂಮಿ ಕೊಡುತ್ತೇನೆ ಎಂಬ ಕಲ್ಲೊಂದನ್ನು ನೆಡಿಸಿದ್ದರೆ, ನಿಮ್ಮ ಕತೆಗೆ ನಿಜವಾದ ತಿರುವು ಸಿಗುತ್ತದೆ.

ಇಂಥ ದೊರೆಗಳು ಬೇರೆ ಕಡೆ ಏನು ಮಾಡಿದರು ಎಂಬುದು ಕಲ್ಪನೆಗೆ ಲಗಾಮು ಹಾಕುತ್ತದೆ. ಈಜಿಪ್ಟಿನ ಮೊಹಮ್ಮದ್ ಅಲಿ ಪಾಷಾ 1805ರಿಂದ 1848ರವರೆಗೆ ಆಳಿ, ನಿಮ್ಮ ಕತೆಯ ಟಿಪ್ಪು ಮಾಡಬೇಕಾದುದನ್ನೆಲ್ಲ ಮಾಡಿ ನೋಡಿದ. ಯೂರೋಪಿನಿಂದ ಯಂತ್ರ ತರಿಸಿದ, ಹತ್ತಿ ಗಿರಣಿಗಳನ್ನು ಸರ್ಕಾರದ ವತಿಯಿಂದಲೇ ಕಟ್ಟಿಸಿದ, ವಿದ್ಯಾರ್ಥಿಗಳನ್ನು ಪ್ಯಾರಿಸ್ಸಿಗೆ ಕಳುಹಿಸಿದ. ಉರುವಲಿಲ್ಲದ ಆ ನಾಡಿನಲ್ಲೂ ಹೆಚ್ಚಿನ ಗಿರಣಿಗಳನ್ನು ತಿರುಗಿಸಿದ್ದು ಎತ್ತುಗಳೇ. 1838ರ ವ್ಯಾಪಾರ ಒಪ್ಪಂದ ಅವನ ಏಕಸ್ವಾಮ್ಯಗಳನ್ನು ಮುರಿಯಿತು, 1841ರಲ್ಲಿ ಅವನ ಸೈನ್ಯಕ್ಕೆ 18,000ದ ಮಿತಿ ಬಿತ್ತು. ಸೈನ್ಯವೇ ಗಿರಾಕಿಯಾಗಿದ್ದ ಗಿರಣಿಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಜಪಾನಿನ ಸಾಗಾ ಸಂಸ್ಥಾನದ ದೊರೆ ನಬೆಶಿಮಾ ನಾವೊಮಾಸ ಬೇರೆ ದಾರಿ ಹಿಡಿದ. ಡಚ್ ಪುಸ್ತಕವೊಂದನ್ನು ಅನುವಾದ ಮಾಡಿಸಿ, ಅದನ್ನು ಓದಿಕೊಂಡೇ 1850ರಲ್ಲಿ ಕಬ್ಬಿಣ ಕರಗಿಸುವ ಕುಲುಮೆ ಕಟ್ಟಿಸಿದ. ಎರಕ ಮತ್ತೆ ಮತ್ತೆ ಕೆಟ್ಟರೂ ಕೆಲಸಗಾರರನ್ನು ಕೈಬಿಡಲಿಲ್ಲ. ಐದು ವರ್ಷಗಳಲ್ಲಿ ಅವನ ಜನ ಆಟಿಕೆಯಷ್ಟು ಸಣ್ಣದಾದರೂ ನಿಜವಾಗಿ ಓಡುವ ಆವಿಬಂಡಿಯನ್ನು ಮಾಡಿ ತೋರಿಸಿದರು. ಅವನ ಮೇಲೆ ಆಗ ಯಾರೂ ದಂಡೆತ್ತಿ ಬರುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ಟಿಪ್ಪುವಿಗೆ ಸಿಗದಿದ್ದದ್ದು ಈ ಬಿಡುವೇ. ರಾಯಭಾರಿಗಳು 1789ರ ಮೇ ತಿಂಗಳಲ್ಲಿ ಪುದುಚೇರಿಗೆ ಮರಳಿದರು. ಎರಡೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಕ್ರಾಂತಿ ಸಿಡಿಯಿತು, ಅದೇ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಕೋಟೆಸಾಲಿನ ಮೇಲೆ ಏರಿಹೋದ. ಅಲ್ಲಿಂದ ಇಂಗ್ಲಿಷರೊಂದಿಗೆ ಮೂರನೆಯ ಮೈಸೂರು ಯುದ್ಧ. ಪುಣೆಯಲ್ಲಿ ಕೂತು ಬರೆಯುತ್ತಿರುವ ನಾನು ಇದನ್ನು ಹೇಳದೆ ಬಿಡಲಾರೆ: ಇಲ್ಲಿನ ಪೇಶ್ವೆ ದರ್ಬಾರು ನಾನಾ ಫಡ್ನವೀಸನ ಕಾಲದಲ್ಲಿ ಇಂಗ್ಲಿಷರ ಜೊತೆ ನಿಂತಿತು. ಪರಶುರಾಮ ಭಾವು ಪಟವರ್ಧನನ ಪಡೆ ಬೊಂಬಾಯಿಯ ತುಕಡಿಯೊಂದಿಗೆ ಸೇರಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಧಾರವಾಡದ ಕೋಟೆಯನ್ನು 1791ರಲ್ಲಿ ಹಿಡಿಯಿತು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಹೀಗೆ ಹಿಂಡಿದ ಬೊಕ್ಕಸದಿಂದ ಯಾವ ದೊರೆಯೂ ಹತ್ತು ವರ್ಷಗಳ ನಂತರ ಫಲ ಕೊಡುವ ಯಂತ್ರಕ್ಕೆ ಹಣ ಹೂಡಲಾರ. ತೋಪುಗಳ ಕೊರತೆ ಕೊನೆಯ ದಿನದವರೆಗೂ ಇರಲಿಲ್ಲ. ಕೋಟೆ ಬಿದ್ದಾಗ ಅಲ್ಲಿ 900ಕ್ಕೂ ಹೆಚ್ಚು ತೋಪುಗಳು ಸಿಕ್ಕವು. ಕಬ್ಬಿಣದ ಕೊಳವೆಯ ರಾಕೆಟ್ಟುಗಳಂತೂ ಇಂಗ್ಲಿಷರೇ ನಕಲು ಮಾಡುವಷ್ಟು ಮುಂದಿದ್ದವು. ಆದ್ದರಿಂದ ಆವಿಯಂತ್ರ ಇದ್ದಿದ್ದರೆ 1799ರಲ್ಲಿ ಗೆಲ್ಲುತ್ತಿದ್ದ ಎಂಬುದನ್ನು ನಾನು ಒಪ್ಪುವುದಿಲ್ಲ. ಮುತ್ತಿಗೆಯ ಫಲಿತಾಂಶವನ್ನು ಬದಲಿಸಬಹುದಾಗಿದ್ದದ್ದು ಪುಣೆ ಮತ್ತು ಹೈದರಾಬಾದಿನೊಂದಿಗಿನ ಸಂಧಿ.

ಸಮಯ ಎಷ್ಟು ಬೇಕಾಗುತ್ತದೆ ಎಂಬುದಕ್ಕೆ ನೀವು ದಿನವೂ ರೈಲಿನಲ್ಲಿ ದಾಟುವ ಮಜಗಾಂವ್‌ನ ಕಡೆಯೇ ಸಾಕ್ಷಿ ಇದೆ. ಸೂರತ್ತಿನ ಬಡಗಿ ಲೌಜಿ ನಸರ್ವಾಂಜಿ ವಾಡಿಯಾ 1736ರಲ್ಲಿ ಬೊಂಬಾಯಿಗೆ ಬಂದು ಹಡಗುಕಟ್ಟೆಯ ಕೆಲಸ ಹಿಡಿದ. ಅವನ ವಂಶದವರು ಕಟ್ಟಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ 1817ರಲ್ಲಿ ನೀರಿಗಿಳಿದು, ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಅದೇ ವಂಶದ ಅರ್ದೇಶಿರ್ ಕರ್ಸೆಟ್ಜಿ 1833ರಲ್ಲಿ ಇಂಡಸ್ ಎಂಬ ಸಣ್ಣ ಆವಿಹಡಗನ್ನು ಕಟ್ಟಿದ, ಮರುವರ್ಷ ಮಜಗಾಂವ್‌ನ ತನ್ನ ಬಂಗಲೆಯಲ್ಲಿ ಗ್ಯಾಸ್ ದೀಪ ಹೊತ್ತಿಸಿದ, 1841ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ ಮೊದಲ ಭಾರತೀಯನಾದ. ನಮ್ಮವರ ಕೈಗೆ ಆವಿಯಂತ್ರ ದಕ್ಕುವುದಿಲ್ಲ ಎನ್ನುವವರಿಗೆ ಈ ಒಬ್ಬನೇ ಸಾಕು. ಆದರೆ 1736ರಿಂದ 1833ರವರೆಗೆ ಲೆಕ್ಕ ಹಾಕಿ. ಸುತ್ತಿಗೆಯ ಸದ್ದು ನಿಲ್ಲದ ಸುಮಾರು ನೂರು ವರ್ಷಗಳ ಕಟ್ಟೆ ಅವನ ಕಾಲ ಕೆಳಗಿತ್ತು. ಬೋರಿಬಂದರಿನಿಂದ ಠಾಣೆಗೆ ರೈಲು ಓಡಿದ್ದು 1853ರಲ್ಲಿ. ಹಳಿಯ ಮೇಲೆ ಓಡುವ ಮೊದಲ ಆವಿಬಂಡಿಯನ್ನು ಟ್ರೆವಿಥಿಕ್ ವೇಲ್ಸ್‌ನಲ್ಲಿ ತೋರಿಸಿದ್ದೇ 1804ರಲ್ಲಿ, ಹಾಗಾಗಿ 1810ರ ನಿಮ್ಮ ಮಂಗಳೂರು ರೈಲನ್ನು ದಯವಿಟ್ಟು ಕೈಬಿಡಿ.

ಅದರ ಬದಲು ನೀರನ್ನು ಹಿಡಿಯಿರಿ. ಇಂಗ್ಲೆಂಡಿನಲ್ಲಿಯೇ ಆರ್ಕ್‌ರೈಟ್‌ನ ನೂಲಿನ ಗಿರಣಿ 1771ರಲ್ಲಿ ಶುರುವಾದದ್ದು ನೀರುಚಕ್ರದಿಂದ. ಬೋಲ್ಟನ್ ಮತ್ತು ವಾಟ್ 1800ರವರೆಗೆ ಮಾಡಿದ ಒಟ್ಟು ಯಂತ್ರಗಳೇ ಸುಮಾರು 500. ಶ್ರೀರಂಗಪಟ್ಟಣದ ಸುತ್ತ ಕಂಠೀರವ ನರಸರಾಜ ಒಡೆಯರ ಬಂಗಾರದೊಡ್ಡಿ ನಾಲೆಯೂ ಚಿಕ್ಕದೇವರಾಜ ಸಾಗರ ನಾಲೆಯೂ ಆಗಲೇ ಹರಿಯುತ್ತಿದ್ದವು. ಮೈಸೂರು ಕೊನೆಗೂ ಯಂತ್ರಯುಗಕ್ಕೆ ಕಾಲಿಟ್ಟದ್ದು ಇದೇ ಹೊಳೆಯ ಮೂಲಕವೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ಇರಿಸಿದ ವಿಶ್ವೇಶ್ವರಯ್ಯನವರು, ಮೈಸೂರಿಗೆ ಹೋಗಿ ಕನ್ನಂಬಾಡಿಯನ್ನು ಕೈಗೆತ್ತಿಕೊಂಡರು. ದೊರೆ ಹೇಗಿರಬೇಕು ಎಂಬುದಕ್ಕೂ ನಮ್ಮ ಆಸುಪಾಸಿನಲ್ಲೇ ಉದಾಹರಣೆ ಇದೆ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ ಔಂಧ್ ಸಂಸ್ಥಾನದ ರಾಜರು 1910ರಲ್ಲಿ ಬಂಜರು ಜಮೀನನ್ನೂ ಸಾಲವನ್ನೂ ಕೊಟ್ಟರು. ಕಾರ್ಖಾನೆ ನಡೆಸುವುದನ್ನು ಅವರಿಗೇ ಬಿಟ್ಟರು. ಅಲ್ಲಿ ಆದದ್ದು ತೋಪಲ್ಲ, ಕಬ್ಬಿಣದ ನೇಗಿಲು. ಕೊಳ್ಳುವವನು ಅರಸನಲ್ಲ, ರೈತ.

ಆದ್ದರಿಂದ ನನ್ನ ಸಲಹೆ ಹೀಗೆ. ರಾಯಭಾರಿಗಳು ಹಡಗಿನಲ್ಲಿ ಯಂತ್ರ ತರುವುದು ಬೇಡ, ನಕ್ಷೆಗಳನ್ನೂ ಒಬ್ಬ ಎರಕದವನನ್ನೂ ತರಲಿ. ಕತೆಯ ಮೊದಲ ದೃಶ್ಯವನ್ನು ವರ್ಸೇಲ್ಸ್‌ನಿಂದ ಕಿತ್ತು ಶ್ರೀರಂಗಪಟ್ಟಣದ ಕೊರೆಯುವ ಕೊಟ್ಟಿಗೆಗೆ ತನ್ನಿ. ಬೇಸಿಗೆಯ ಕೊನೆ ಇರಲಿ, ನಾಲೆಯಲ್ಲಿ ಮೊಣಕಾಲುದ್ದದ ನೀರಿರಲಿ, ಚಕ್ರ ನಿಂತಿರಲಿ. ದರೋಗ ಅಮೃತ ಮಹಲಿನ ಎರಡು ಜೊತೆ ಎತ್ತುಗಳನ್ನು ನೊಗ ಸಮೇತ ತಂದು ನಿಲ್ಲಿಸಿ ಸುಲ್ತಾನನ ಅಪ್ಪಣೆಗಾಗಿ ಕಾಯುತ್ತಿರಲಿ. ಆ ಊರಿನದೇ ಒಬ್ಬ ಕಮ್ಮಾರ, ಫ್ರೆಂಚನ ಕೈಕೆಳಗೆ ಒಂದು ವರ್ಷ ದುಡಿದವನು, ಎತ್ತಿನಿಂದ ಕೊರೆದ ಕೊಳವೆಯೊಂದನ್ನೂ ನೀರಿನಿಂದ ಕೊರೆದ ಕೊಳವೆಯೊಂದನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಹುಜೂರ್, ಬೆರಳು ಹಾಕಿ ನೋಡಬೇಕು ಎಂದು ಬಿನ್ನವಿಸಿಕೊಳ್ಳಲಿ. ದೊರೆ ಉಂಗುರ ತೆಗೆದು ಬೆರಳು ಒಳಗೆ ಹಾಕಲಿ. ಎತ್ತುಗಳನ್ನು ವಾಪಸು ಕಳುಹಿಸಿ, ಮುಂಗಾರು ಬಂದು ಕಾವೇರಿ ತುಂಬುವವರೆಗೆ ಕಾಯಲು ಅವನು ಒಪ್ಪುತ್ತಾನೋ ಇಲ್ಲವೋ ಎಂಬಲ್ಲಿಂದ ನಿಮ್ಮ ಮೈಸೂರು ಶುರುವಾಗಲಿ.